ಕಲ್ನಾರುಜನ್ಯ ಕ್ಯಾನ್ಸರ್: ಲಕ್ಷಣಗಳು ಮತ್ತು ಅವುಗಳನ್ನು ಗುರುತಿಸುವ ಬಗೆ

ಕಲ್ನಾರಿನ, ಎಂದರೆ ಆಸ್‌ಬೆಸ್ಟಾಸ್ ಖನಿಜದ, ಸೂಕ್ಷ್ಮ ಎಳೆಗಳು ಉಸಿರಿನೊಡನೆ ದೇಹವನ್ನು ಸೇರಿ, ಹಲವು ದಶಕಗಳ ಕಾಲ ಅಂಗಾಂಶಗಳಲ್ಲಿ ಉಳಿದು ಉಂಟುಮಾಡುವ ಕ್ಯಾನ್ಸರ್‌ಗಳನ್ನು ಕಲ್ನಾರುಜನ್ಯ ಕ್ಯಾನ್ಸರ್‌ಗಳು ಎನ್ನಲಾಗುತ್ತದೆ. ಇವುಗಳಲ್ಲಿ ಕಲ್ನಾರಿನೊಡನೆ ಅತ್ಯಂತ ನಿಕಟ ಸಂಬಂಧವುಳ್ಳದ್ದು ಮೀಸೋಥೀಲಿಯೋಮ. ಶ್ವಾಸಕೋಶ, ಹೊಟ್ಟೆಯ ಅಂಗಗಳು ಮತ್ತು ಹೃದಯವನ್ನು ಸುತ್ತುವರಿದಿರುವ ತೆಳುವಾದ ಪೊರೆಗಳ ಮೇಲ್ಪದರದ ಕೋಶಗಳಲ್ಲಿ ಹುಟ್ಟುವ ಈ ಗಂತಿ ಕಲ್ನಾರಿನ ಸಂಪರ್ಕವಿಲ್ಲದವರಲ್ಲಿ ತೀರ ವಿರಳ. ಸಂಖ್ಯೆಯ ದೃಷ್ಟಿಯಿಂದ ಶ್ವಾಸಕೋಶದ ಕ್ಯಾನ್ಸರೇ ಹೆಚ್ಚಿನದಾದರೂ, ಅದಕ್ಕೆ ಧೂಮಪಾನದಂಥ ಬೇರೆ ಕಾರಣಗಳೂ ಇರುವುದರಿಂದ ಕಲ್ನಾರಿನ ಪಾತ್ರ ಸುಲಭವಾಗಿ ಮರೆಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಈ ಎರಡರ ಜೊತೆಗೆ ಧ್ವನಿಪೆಟ್ಟಿಗೆಯ ಮತ್ತು ಅಂಡಾಶಯದ ಕ್ಯಾನ್ಸರ್‌ಗಳಿಗೂ ಕಲ್ನಾರು ಕಾರಣವೆಂಬುದಕ್ಕೆ ಸಾಕಷ್ಟು ಆಧಾರವಿದೆ ಎಂದು ತೀರ್ಮಾನಿಸಿತು.

ಈ ರೋಗಗಳ ಲಕ್ಷಣಗಳಲ್ಲಿ ಇವಕ್ಕೇ ಮೀಸಲಾದದ್ದು ಎನ್ನಬಹುದಾದದ್ದು ಒಂದೂ ಇಲ್ಲ. ಏದುಸಿರು, ಪಕ್ಕೆನೋವು, ಒಣಕೆಮ್ಮು, ತೂಕ ಇಳಿಯುವುದು ಇವೆಲ್ಲ ಕ್ಷಯ, ಹೃದಯದ ತೊಂದರೆ, ಬೀಡಿ ಸೇದುವವರ ದಮ್ಮು ಮುಂತಾದ ಹತ್ತಾರು ಕಾಯಿಲೆಗಳಲ್ಲಿ ಕಾಣುವಂಥವೇ. ಆದುದರಿಂದ ಲಕ್ಷಣಗಳ ಪಟ್ಟಿಯನ್ನು ಎಷ್ಟು ಚೆನ್ನಾಗಿ ಬಲ್ಲವರಾದರೂ, ರೋಗಿ ಮೂವತ್ತು ನಲವತ್ತು ವರ್ಷಗಳ ಹಿಂದೆ ಎಲ್ಲಿ, ಯಾವ ಕೆಲಸ ಮಾಡುತ್ತಿದ್ದ ಎಂಬುದನ್ನು ಕೇಳದ ವೈದ್ಯರ ಕಣ್ಣಿಗೆ ಈ ರೋಗ ಬೀಳುವ ಸಂಭವ ಕಡಮೆ. ರೋಗ ಗುರುತಿಸುವ ಕೆಲಸದ ಅರ್ಧಭಾಗ ಸ್ಟೆಥಸ್ಕೋಪಿನಿಂದ ನಡೆದರೆ ಉಳಿದರ್ಧ ಮಾತಿನಿಂದಲೇ ನಡೆಯಬೇಕಾಗುತ್ತದೆ.

ಖನಿಜ ಮತ್ತು ಅದರ ಎಳೆ

ಕಲ್ನಾರು ಒಂದೇ ಖನಿಜವಲ್ಲ. ನಾರಿನಂತೆ ಬಿಡಿಸಬಹುದಾದ ಆರು ಸಿಲಿಕೇಟ್ ಖನಿಜಗಳಿಗೆ ಇಟ್ಟಿರುವ ವ್ಯಾಪಾರದ ಹೆಸರು. ಸರ್ಪೆಂಟೈನ್ ವರ್ಗಕ್ಕೆ ಸೇರಿದ ಬಿಳಿ ಕಲ್ನಾರು ಅಥವಾ ಕ್ರೈಸೊಟೈಲ್‌ನ ಎಳೆಗಳು ಸುರುಳಿಯಾಗಿ ಬಳುಕುತ್ತವೆ. ಆಂಫಿಬೋಲ್ ವರ್ಗಕ್ಕೆ ಸೇರಿದ ನೀಲಿ ಕಲ್ನಾರು ಅಥವಾ ಕ್ರೊಸಿಡೊಲೈಟ್, ಕಂದು ಕಲ್ನಾರು ಅಥವಾ ಅಮೊಸೈಟ್, ಟ್ರೆಮೊಲೈಟ್, ಆಂಥೊಫಿಲೈಟ್, ಆಕ್ಟಿನೊಲೈಟ್ ಇವುಗಳ ಎಳೆಗಳು ನೆಟ್ಟಗೂ ಪೆಡಸಾಗಿಯೂ ಇರುತ್ತವೆ. ಆಂಫಿಬೋಲ್ ಎಳೆಗಳು ದೇಹದೊಳಗೆ ಕರಗದೆ ಬಹುಕಾಲ ಉಳಿಯುವುದರಿಂದ ಮೀಸೋಥೀಲಿಯೋಮ ತರುವ ಶಕ್ತಿ ಅವಕ್ಕೆ ಹೆಚ್ಚು. ಆದರೆ ಬಿಳಿ ಕಲ್ನಾರು ನಿರಪಾಯಕರ ಎಂಬ ವಾದವನ್ನು ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಒಪ್ಪಿಲ್ಲ; ಆರೂ ಬಗೆಗಳನ್ನು ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾಗಿರುವ ಮೊದಲನೆಯ ಗುಂಪಿನಲ್ಲಿ ಇರಿಸಿದೆ. ಬೆಂಕಿಗೆ ಸುಡದ, ಆಮ್ಲಕ್ಕೆ ಜಗ್ಗದ, ಸಿಮೆಂಟಿಗೆ ಬಲ ಕೊಡುವ ಗುಣಗಳಿಂದಾಗಿ ಇದನ್ನು ಚಾವಣಿಯ ಶೀಟು, ನೀರಿನ ಕೊಳವೆ, ಬ್ರೇಕ್ ಲೈನಿಂಗ್, ಗ್ಯಾಸ್ಕೆಟ್, ಬಾಯ್ಲರಿನ ಹೊದಿಕೆ, ಬೆಂಕಿ ತಡೆಯುವ ಬಟ್ಟೆ ಮತ್ತು ಹಗ್ಗ ಮುಂತಾದ ಸಾವಿರಾರು ವಸ್ತುಗಳಲ್ಲಿ ಬಳಸಲಾಯಿತು.

ಶೀಟನ್ನು ಗರಗಸದಿಂದ ಕೊಯ್ದಾಗ, ರಂಧ್ರ ಕೊರೆದಾಗ, ಹಳೆಯ ಹೊದಿಕೆಯನ್ನು ಕಿತ್ತಾಗ ಏಳುವ ದೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಿರುತ್ತವೆ. ಮೂಗಿನಲ್ಲಿ, ಗಂಟಲಲ್ಲಿ ತಡೆಯಾಗದೆ ಇವು ಶ್ವಾಸಕೋಶದ ಗಾಳಿಗೂಡುಗಳವರೆಗೆ ಇಳಿಯುತ್ತವೆ. ಹೊರಗಿನ ಕಣಗಳನ್ನು ನುಂಗಿ ಹಾಕುವ ಮ್ಯಾಕ್ರೊಫೇಜ್ ಎಂಬ ರಕ್ಷಕ ಕೋಶಗಳು ತಮಗಿಂತ ಉದ್ದನೆಯ ಎಳೆಯನ್ನು ಪೂರ್ತಿ ನುಂಗಲಾರದೆ, ಆ ಯತ್ನದಲ್ಲಿ ಉರಿಯೂತ ತರುವ ರಾಸಾಯನಿಕಗಳನ್ನು ಹೊರಚೆಲ್ಲುತ್ತ ಸಾಯುತ್ತವೆ. ಎಳೆ ಅಲ್ಲಿಯೇ ಉಳಿಯುತ್ತದೆ, ಮತ್ತೊಂದು ಕೋಶ ಬರುತ್ತದೆ. ವರ್ಷಗಟ್ಟಲೆ ನಡೆಯುವ ಈ ಉರಿಯೂತ, ಎಳೆಯಲ್ಲಿರುವ ಕಬ್ಬಿಣದ ಅಂಶದಿಂದ ಹುಟ್ಟುವ ಆಮ್ಲಜನಕದ ಉಗ್ರ ರೂಪಗಳು, ಕೋಶವಿಭಜನೆಯ ಹೊತ್ತಿನಲ್ಲಿ ವರ್ಣತಂತುಗಳಿಗೆ ಎಳೆ ತೊಡರಿ ಆಗುವ ಹಾನಿ ಇವೆಲ್ಲ ಸೇರಿ ಗಂತಿಯನ್ನು ತಡೆಹಿಡಿಯುವ ಜೀನ್‌ಗಳನ್ನು ಒಂದೊಂದಾಗಿ ಕೆಡಿಸುತ್ತವೆ. ಸಂಪರ್ಕದ ಆರಂಭದಿಂದ ರೋಗ ಕಾಣಿಸಿಕೊಳ್ಳುವವರೆಗಿನ ಸುಪ್ತಾವಧಿ ಮೀಸೋಥೀಲಿಯೋಮದಲ್ಲಿ ಸಾಮಾನ್ಯವಾಗಿ 20ರಿಂದ 50 ವರ್ಷ. 15 ವರ್ಷಕ್ಕಿಂತ ಕಡಮೆ ಇರುವುದು ಅಪರೂಪ. ಇಪ್ಪತ್ತರ ಹರೆಯದಲ್ಲಿ ಎರಡು ವರ್ಷ ಮಾಡಿ ಬಿಟ್ಟ ಕೆಲಸ ಅರವತ್ತೈದರಲ್ಲಿ ರೋಗವಾಗಿ ಬರಬಹುದು ಎಂಬುದನ್ನು ರೋಗಿಯಾಗಲಿ ಮನೆಯವರಾಗಲಿ ಊಹಿಸುವುದು ಕಷ್ಟ.

ಸಂಬಂಧ ತಿಳಿದುಬಂದ ಬಗೆ

ಕಲ್ನಾರಿನ ದೂಳಿನಿಂದ ಶ್ವಾಸಕೋಶ ಗಡುಸಾಗುವ ರೋಗವನ್ನು ಇಂಗ್ಲೆಂಡಿನಲ್ಲಿ 1920ರ ದಶಕದಲ್ಲೇ ವಿವರಿಸಲಾಗಿತ್ತು. 1924ರಲ್ಲಿ ತೀರಿಕೊಂಡ ರೋಚ್‌ಡೇಲಿನ ನೆಲ್ಲಿ ಕರ್ಷಾ ಎಂಬ ಕಾರ್ಮಿಕ ಮಹಿಳೆಯ ಪ್ರಕರಣವನ್ನು ಡಬ್ಲ್ಯು. ಇ. ಕುಕ್ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಕ್ಯಾನ್ಸರಿನ ಮಾತು ಬಂದದ್ದು ತಡವಾಗಿ. 1955ರಲ್ಲಿ ರಿಚರ್ಡ್ ಡಾಲ್ ಅವರು 20 ವರ್ಷಕ್ಕಿಂತ ಹೆಚ್ಚು ಕಾಲ ಕಲ್ನಾರಿನ ದೂಳಿನಲ್ಲಿ ದುಡಿದ 113 ಮಂದಿ ಗಂಡಸರನ್ನು ಅಧ್ಯಯನ ಮಾಡಿ, ಶ್ವಾಸಕೋಶದ ಕ್ಯಾನ್ಸರಿನಿಂದ ಒಂದು ಸಾವೂ ನಿರೀಕ್ಷಿತವಲ್ಲದ ಆ ಗುಂಪಿನಲ್ಲಿ 11 ಸಾವುಗಳಾಗಿವೆ ಎಂದು ತೋರಿಸಿದರು.

ಮೀಸೋಥೀಲಿಯೋಮದ ಕತೆ ದಕ್ಷಿಣ ಆಫ್ರಿಕಾದ್ದು, ಮತ್ತು ಲಕ್ಷಣ ಗುರುತಿಸುವ ವಿಷಯದಲ್ಲಿ ಇಂದಿಗೂ ಪ್ರಸ್ತುತವಾದದ್ದು. ಕಿಂಬರ್ಲಿಯ ಕ್ಷಯರೋಗ ಆಸ್ಪತ್ರೆಯೊಂದರಲ್ಲಿದ್ದ ಕ್ರಿಸ್ಟೊಫರ್ ಸ್ಲೆಗ್ಸ್ ಎಂಬ ವೈದ್ಯರು, ಎದೆಯಲ್ಲಿ ನೀರು ತುಂಬಿ ಕ್ಷಯವೆಂದು ದಾಖಲಾದವರಲ್ಲಿ ಊರಿನ ಪೂರ್ವದಿಂದ ಬಂದವರು ಕ್ಷಯದ ಔಷಧಕ್ಕೆ ಗುಣವಾಗುತ್ತಿದ್ದರೆ, ಪಶ್ಚಿಮದಿಂದ ಬಂದವರಲ್ಲಿ ಹಲವರು ಗುಣವಾಗುತ್ತಿಲ್ಲವೆಂಬುದನ್ನು ಗಮನಿಸಿದ್ದರು. ಪಶ್ಚಿಮಕ್ಕಿದ್ದದ್ದು ನೀಲಿ ಕಲ್ನಾರಿನ ಗಣಿಗಳ ಸೀಮೆ. ಜೋಹಾನ್ಸ್‌ಬರ್ಗಿನಲ್ಲಿ ರೋಗವಿಜ್ಞಾನಿಯಾಗಿದ್ದ ಕ್ರಿಸ್ ವ್ಯಾಗ್ನರ್ 1956ರಲ್ಲಿ ಇಂಥದೇ ಒಂದು ಶವಪರೀಕ್ಷೆಯಲ್ಲಿ ಎದೆಯ ಪೊರೆಯನ್ನು ಆವರಿಸಿದ್ದ ಗಂತಿಯನ್ನೂ ಶ್ವಾಸಕೋಶದಲ್ಲಿ ಕಲ್ನಾರಿನ ಕುರುಹನ್ನೂ ಕಂಡು ಹುಡುಕಾಟಕ್ಕೆ ತೊಡಗಿದ್ದರು. ವ್ಯಾಗ್ನರ್, ಸ್ಲೆಗ್ಸ್ ಮತ್ತು ಪಾಲ್ ಮರ್ಶಾಂ 1960ರಲ್ಲಿ 33 ರೋಗಿಗಳ ವಿವರವನ್ನು ಪ್ರಕಟಿಸಿದಾಗ, ಒಬ್ಬರನ್ನುಳಿದು ಎಲ್ಲರಿಗೂ ನೀಲಿ ಕಲ್ನಾರಿನ ಸಂಪರ್ಕವಿದ್ದ ಸಂಭವ ಕಂಡುಬಂದಿತ್ತು. 33 ಮಂದಿಯಲ್ಲಿ 11 ಮಂದಿ ಹೆಂಗಸರು. ಎಲ್ಲರೂ ಗಣಿ ಕಾರ್ಮಿಕರಾಗಿರಲಿಲ್ಲ. ಗಣಿಯ ಸುತ್ತ ವಾಸವಾಗಿದ್ದವರು, ಬಾಲ್ಯವನ್ನಷ್ಟೇ ಅಲ್ಲಿ ಕಳೆದವರೂ ಇದ್ದರು. ಐದು ವರ್ಷಗಳ ನಂತರ ಲಂಡನ್ನಿನಲ್ಲಿ ಮಾಲಿ ನ್ಯೂಹೌಸ್ ಮತ್ತು ಹಿಲ್ಡಾ ಥಾಂಪ್ಸನ್ ನಡೆಸಿದ ಅಧ್ಯಯನದಲ್ಲಿ ಕಲ್ನಾರು ಕಾರ್ಮಿಕರ ಬಟ್ಟೆ ಒಗೆದ ಮನೆಮಂದಿ ಮತ್ತು ಕಾರ್ಖಾನೆಯಿಂದ ಅರ್ಧ ಮೈಲಿಯೊಳಗೆ ವಾಸವಿದ್ದವರು ಕೂಡ ಈ ರೋಗಕ್ಕೆ ತುತ್ತಾದದ್ದು ಬೆಳಕಿಗೆ ಬಂತು.

ಎದೆಪೊರೆಯ ಮೀಸೋಥೀಲಿಯೋಮದ ಲಕ್ಷಣಗಳು

ಶ್ವಾಸಕೋಶದ ಮೇಲೊಂದು, ಎದೆಗೂಡಿನ ಒಳಗೋಡೆಗೊಂದು ಹೀಗೆ ಎರಡು ಪದರಗಳಾಗಿ ಹಬ್ಬಿರುವ ಪೊರೆಗೆ ಪ್ಲೂರಾ ಎನ್ನುತ್ತಾರೆ. ಉಸಿರಾಡುವಾಗ ಪದರಗಳು ಒಂದರ ಮೇಲೊಂದು ಜಾರಲು ಬೇಕಾದಷ್ಟು, ಕೆಲವೇ ಮಿಲಿಲೀಟರ್ ದ್ರವ ಅವುಗಳ ನಡುವೆ ಇರುತ್ತದೆ. ಮೀಸೋಥೀಲಿಯೋಮಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿ. ಗಂತಿ ಮೊದಲಿಗೆ ಒಂದೇ ಗಡ್ಡೆಯಾಗಿ ಬೆಳೆಯದೆ, ಪೊರೆಯ ಮೇಲೆ ಅಲ್ಲಲ್ಲಿ ಸಣ್ಣ ಗುಳ್ಳೆಗಳಾಗಿ ಎದ್ದು, ದ್ರವ ಒಸರುವಂತೆ ಮಾಡುತ್ತದೆ. ಹೀಗಾಗಿ ಬಹುತೇಕ ರೋಗಿಗಳು ವೈದ್ಯರ ಬಳಿಗೆ ಬರುವುದು ಗಂತಿಯ ಕಾರಣಕ್ಕಲ್ಲ, ನೀರಿನ ಕಾರಣಕ್ಕೆ.

ಏದುಸಿರು ಮೆಲ್ಲಗೆ ಆರಂಭವಾಗುತ್ತದೆ. ಮೆಟ್ಟಿಲು ಹತ್ತುವಾಗ, ಗದ್ದೆಯ ಬದು ಏರುವಾಗ ಮೊದಲು ಕಾಣಿಸಿ, ವಾರಗಳು ಕಳೆದಂತೆ ಮಾತಾಡುವಾಗಲೂ ಬಾಧಿಸತೊಡಗುತ್ತದೆ. ನೀರು ತುಂಬಿದ ಮಗ್ಗುಲು ಮೇಲಾಗುವಂತೆ ಮಲಗಿದರೆ ಕೆಲವರಿಗೆ ಉಸಿರು ಕಟ್ಟಿದಂತಾಗುತ್ತದೆ. ವಯಸ್ಸಾಯಿತೆಂದು ಇಲ್ಲವೇ ಬೀಡಿಯ ಫಲವೆಂದು ಅದನ್ನು ತಳ್ಳಿಹಾಕುವುದು ರೂಢಿ. ಆಸ್ತಮಾದ ಉಬ್ಬಸ ಒಂದು ದಿನ ಬಂದು ಒಂದು ದಿನ ಇಳಿಯುವಂಥದು, ಪಂಪಿನ ಔಷಧಕ್ಕೆ ಹದಕ್ಕೆ ಬರುವಂಥದು. ಎದೆಯ ನೀರಿನ ಏದುಸಿರಿಗೆ ಅಂಥ ಏರಿಳಿತವಿಲ್ಲ, ಪಂಪಿಗೂ ಅದು ಬಗ್ಗುವುದಿಲ್ಲ.

ಎದೆನೋವಿನ ಸ್ವಭಾವ ಹೆಚ್ಚು ತಿಳಿಸುತ್ತದೆ. ಪೊರೆಯ ಸಾಮಾನ್ಯ ಉರಿಯೂತದಲ್ಲಿ ಉಸಿರು ಎಳೆದಾಗ ಚುಚ್ಚುವ ನೋವು ಬಂದು, ನೀರು ಕೂಡಿದಂತೆ ಅದು ತಗ್ಗುತ್ತದೆ. ಮೀಸೋಥೀಲಿಯೋಮದ ನೋವು ಹಾಗಲ್ಲ: ಒಂದೇ ಪಕ್ಕದಲ್ಲಿ, ಬಲಗಡೆ ತುಸು ಹೆಚ್ಚಾಗಿ, ಮಂದವಾಗಿ, ಭಾರ ಹೇರಿದ ಹಾಗೆ ನಿಂತುಬಿಡುತ್ತದೆ, ಉಸಿರಾಟಕ್ಕೂ ಅದಕ್ಕೂ ಸಂಬಂಧವಿರದೆ ಇರಬಹುದು, ನೀರು ತೆಗೆದ ಮೇಲೂ ಹೋಗುವುದಿಲ್ಲ. ಗಂತಿ ಪಕ್ಕೆಲುಬುಗಳ ನಡುವಿನ ನರಗಳನ್ನು ಹಿಡಿದಾಗ ನೋವಿಗೆ ಉರಿ, ಜೋಮು ಸೇರಿಕೊಳ್ಳುತ್ತದೆ. ವಪೆಯ ಬಳಿಯ ಪೊರೆಗೆ ತಗುಲಿದಾಗ ನೋವು ಭುಜದಲ್ಲೋ ಹೊಟ್ಟೆಯ ಮೇಲ್ಭಾಗದಲ್ಲೋ ಕಾಣಿಸಿಕೊಳ್ಳುವುದರಿಂದ ಭುಜದ ಕೀಲಿಗೆ ತಿಂಗಳುಗಟ್ಟಲೆ ಚಿಕಿತ್ಸೆ ನಡೆಯುವುದೂ ಉಂಟು. ರಾತ್ರಿ ನಿದ್ದೆ ಕೆಡಿಸುವ, ಸಾಧಾರಣ ಮಾತ್ರೆಗೆ ಬಗ್ಗದ, ಒಂದೇ ಪಕ್ಕದ ನೋವಿನೊಂದಿಗೆ ಅದೇ ಪಕ್ಕದಲ್ಲಿ ನೀರಿರುವುದು ಕಂಡುಬಂದರೆ ಕ್ಯಾನ್ಸರಿನ ಶಂಕೆ ಬಲವಾಗಬೇಕು.

ಒಣಕೆಮ್ಮು, ಆಯಾಸ, ಹಸಿವು ಇಂಗುವುದು, ತೂಕ ಇಳಿಯುವುದು, ಸಂಜೆಯ ಸಣ್ಣ ಜ್ವರ, ರಾತ್ರಿಯ ಬೆವರು ಇವು ಜೊತೆಗೂಡುತ್ತವೆ. ಕೆಮ್ಮಿನಲ್ಲಿ ರಕ್ತ ಬೀಳುವುದು ಮೀಸೋಥೀಲಿಯೋಮದಲ್ಲಿ ಅಪರೂಪ. ಅದು ಕಂಡರೆ ಶ್ವಾಸನಾಳದಲ್ಲಿ ಹುಟ್ಟಿದ ಕ್ಯಾನ್ಸರನ್ನೋ ಕ್ಷಯವನ್ನೋ ಮೊದಲು ಹುಡುಕಬೇಕು. ಬೆರಳ ತುದಿ ದಪ್ಪಗಾಗಿ ಉಗುರು ಉಬ್ಬಿ ಬಾಗುವ ಲಕ್ಷಣವೂ ಹಾಗೆಯೇ, ಮೀಸೋಥೀಲಿಯೋಮದಲ್ಲಿ ಸಾಮಾನ್ಯವಲ್ಲ, ಕಲ್ನಾರಿನಿಂದ ಶ್ವಾಸಕೋಶ ಗಡುಸಾದವರಲ್ಲಿ ಮತ್ತು ಶ್ವಾಸಕೋಶದ ಕ್ಯಾನ್ಸರಿನಲ್ಲಿ ಹೆಚ್ಚು. ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಎಣಿಕೆ 4 ಲಕ್ಷವನ್ನು ಮೀರಿರುವುದು ಹಲವು ರೋಗಿಗಳಲ್ಲಿ ಕಾಣುವ ಸಂಗತಿ.

ವೈದ್ಯರು ಬೆನ್ನಿನ ಮೇಲೆ ಬೆರಳಿಟ್ಟು ತಟ್ಟಿ ನೋಡಿದಾಗ ನೀರಿರುವ ಕಡೆ ಕಲ್ಲುಗೋಡೆಯನ್ನು ತಟ್ಟಿದಂತೆ ಟೊಳ್ಳಿಲ್ಲದ ಸದ್ದು ಬರುತ್ತದೆ, ಅಲ್ಲಿ ಉಸಿರಿನ ಸಪ್ಪಳ ಕೇಳಿಸುವುದಿಲ್ಲ. ಇದು ಯಾವ ಕಾರಣದ ನೀರಿಗೂ ಸಾಮಾನ್ಯ. ಆದರೆ ಬೇರೆ ಕಾರಣದಿಂದ ಬಹಳ ನೀರು ತುಂಬಿದಾಗ ಎದೆಯ ಆ ಪಕ್ಕ ಉಬ್ಬಿ, ಶ್ವಾಸನಾಳ ಎದುರು ದಿಕ್ಕಿಗೆ ಸರಿಯಬೇಕು. ಮೀಸೋಥೀಲಿಯೋಮ ಬಲಿತಾಗ ಪೊರೆ ದಪ್ಪಗಾಗಿ ಶ್ವಾಸಕೋಶವನ್ನು ಬಿಗಿದು ಹಿಡಿಯುವುದರಿಂದ ಆ ಪಕ್ಕವೇ ಕುಗ್ಗಿ, ಪಕ್ಕೆಲುಬುಗಳ ನಡುವಿನ ಸಂದು ಕಿರಿದಾಗಿ, ಭುಜ ಇಳಿದು, ಉಸಿರೆಳೆದಾಗ ಅರ್ಧ ಎದೆ ಮಾತ್ರ ಏಳುವುದು ಬರಿಗಣ್ಣಿಗೇ ಗೊತ್ತಾಗುತ್ತದೆ. ಸೂಜಿ ಹಾಕಿ ನೀರು ತೆಗೆದ ಜಾಗದಲ್ಲಿ ಚರ್ಮದಡಿ ಗಟ್ಟಿ ಗಂಟು ಏಳುವುದು ಇನ್ನೊಂದು ಗುರುತು. ಗಂತಿಯ ಕೋಶಗಳು ಸೂಜಿಯ ದಾರಿ ಹಿಡಿದು ಹೊರಬರುವ ಚಾಳಿ ಈ ಕ್ಯಾನ್ಸರಿಗೆ ವಿಶೇಷವಾಗಿ ಇದೆ. ಧ್ವನಿ ಒಡೆಯುವುದು, ನುಂಗಲು ಕಷ್ಟವಾಗುವುದು, ಮುಖ ಮತ್ತು ಕತ್ತು ಊದಿಕೊಳ್ಳುವುದು ಗಂತಿ ಎದೆಯ ನಡುಭಾಗಕ್ಕೆ ಹಬ್ಬಿರುವುದನ್ನು ಸೂಚಿಸುತ್ತವೆ.

ಕ್ಷಯವೆಂದು ತಿಳಿಯುವ ಸಾಧ್ಯತೆ

ಭಾರತದಲ್ಲಿ ಎದೆಯಲ್ಲಿ ನೀರು ತುಂಬುವುದಕ್ಕೆ ಕ್ಷಯ ಬಹಳ ಸಾಮಾನ್ಯವಾದ ಕಾರಣ. ಜ್ವರ, ಬೆವರು, ತೂಕ ಇಳಿತ, ಒಂದು ಪಕ್ಕದ ನೀರು ಎರಡರಲ್ಲೂ ಒಂದೇ. ತೆಗೆದ ದ್ರವ ಎರಡರಲ್ಲೂ ಪ್ರೋಟೀನ್ ಹೆಚ್ಚಿರುವ ಬಗೆಯದು, ಅದರಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕೋಶಗಳೇ ಮೇಲುಗೈಯಾಗಿರಬಹುದು. ದ್ರವದಲ್ಲಿ ಕ್ಷಯದ ರೋಗಾಣು ನೇರವಾಗಿ ಸಿಗುವುದು ಕಷ್ಟವಾದ್ದರಿಂದ ಅಡೆನೊಸಿನ್ ಡೀಅಮಿನೇಸ್ ಎಂಬ ಕಿಣ್ವದ ಮಟ್ಟ ಲೀಟರಿಗೆ 40 ಯೂನಿಟ್ ಮೀರಿದರೆ ಕ್ಷಯವೆಂದು ಊಹಿಸಿ ಆರು ತಿಂಗಳ ಚಿಕಿತ್ಸೆ ಆರಂಭಿಸುವುದು ವಾಡಿಕೆ. ಕ್ಷಯ ವ್ಯಾಪಕವಾಗಿರುವ ನಾಡಿನಲ್ಲಿ ಈ ಊಹೆ ಹೆಚ್ಚಿನ ಸಲ ಸರಿಯೇ ಆಗಿರುತ್ತದೆ, ಅದನ್ನು ತಪ್ಪೆನ್ನಲಾಗದು. ಆದರೆ ಮೀಸೋಥೀಲಿಯೋಮದಲ್ಲೂ ಲಿಂಫೋಮ ಎಂಬ ಕ್ಯಾನ್ಸರಿನಲ್ಲೂ ಕೆಲವೊಮ್ಮೆ ಈ ಕಿಣ್ವ ಏರಿರುತ್ತದೆ.

ವ್ಯತ್ಯಾಸವನ್ನು ಎತ್ತಿ ತೋರುವ ಸಂಗತಿಗಳಿವೆ. ಕ್ಷಯದ ನೀರು ಹೆಚ್ಚಾಗಿ ಹರೆಯದವರಲ್ಲಿ, ಕೆಲವೇ ವಾರಗಳ ಜ್ವರದೊಡನೆ ಬಂದು, ಔಷಧ ಶುರುವಾದ ಕೆಲವು ವಾರಗಳಲ್ಲಿ ಜ್ವರ ಇಳಿದು ಹಸಿವು ಮರಳುತ್ತದೆ. ಒಮ್ಮೆ ತೆಗೆದ ನೀರು ಮತ್ತೆ ಅದೇ ಮಟ್ಟಕ್ಕೆ ತುಂಬುವುದು ಕಡಮೆ. ಐವತ್ತು ದಾಟಿದವರಲ್ಲಿ, ಜ್ವರ ಅಷ್ಟಾಗಿಲ್ಲದೆ, ತೆಗೆದಷ್ಟೂ ತುಂಬುವ, ರಕ್ತ ಬೆರೆತ ನೀರು ಕ್ಷಯದ ಊಹೆಯನ್ನು ಮರುಪರಿಶೀಲಿಸಲು ಸಾಕಾದ ಕಾರಣ. ಇಲ್ಲೊಂದು ಮೋಸವೂ ಇದೆ. ಮೀಸೋಥೀಲಿಯೋಮ ಬೆಳೆಯುತ್ತ ಪೊರೆಯ ಎರಡೂ ಪದರಗಳನ್ನು ಬೆಸೆದುಬಿಟ್ಟಾಗ ನೀರಿಗೆ ಜಾಗವೇ ಇಲ್ಲದಂತಾಗಿ ಎಕ್ಸ್‌ರೇಯಲ್ಲಿ ನೀರು ತಗ್ಗಿದಂತೆ ತೋರುತ್ತದೆ. ಕ್ಷಯದ ಮಾತ್ರೆ ನುಂಗುತ್ತಿರುವ ರೋಗಿಯಲ್ಲಿ ಹೀಗಾದರೆ ಔಷಧ ಹಿಡಿಸಿತೆಂದು ಎಲ್ಲರೂ ನೆಮ್ಮದಿಪಡುತ್ತಾರೆ. ನೀರು ತಗ್ಗಿದರೂ ಏದುಸಿರು ಮತ್ತು ನೋವು ಹೆಚ್ಚುತ್ತಿದೆ ಎಂಬ ರೋಗಿಯ ಮಾತು ಅಂಥ ಹೊತ್ತಿನಲ್ಲಿ ಎಕ್ಸ್‌ರೇಗಿಂತ ನಂಬತಕ್ಕದ್ದು. ಸ್ಲೆಗ್ಸ್ ಅವರು ಕಿಂಬರ್ಲಿಯಲ್ಲಿ ಕಂಡದ್ದೂ ಇದನ್ನೇ: ಔಷಧಕ್ಕೆ ಬಗ್ಗದ ‘ಕ್ಷಯ’.

ಹೊಟ್ಟೆ ಮತ್ತು ಇತರ ಭಾಗಗಳ ಮೀಸೋಥೀಲಿಯೋಮ

ಹೊಟ್ಟೆಯ ಅಂಗಗಳನ್ನು ಹೊದ್ದಿರುವ ಪೆರಿಟೋನಿಯಂ ಎಂಬ ಪೊರೆಯಲ್ಲಿ ಹುಟ್ಟುವ ಮೀಸೋಥೀಲಿಯೋಮ ಎರಡನೆಯ ಸ್ಥಾನದ್ದು. ಹೊಟ್ಟೆಯಲ್ಲಿ ನೀರು ತುಂಬುವ ಜಲೋದರ ಇದರ ಮುಖ್ಯ ಲಕ್ಷಣ. ಕೈಕಾಲು ಬಡವಾಗುತ್ತಿದ್ದರೂ ಸೊಂಟದ ಸುತ್ತಳತೆ ಹೆಚ್ಚುತ್ತ ಹೋಗುವುದು, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಎಲ್ಲಿ ಎಂದು ಬೆರಳಿಟ್ಟು ತೋರಿಸಲಾಗದ ಹೊಟ್ಟೆನೋವು, ಮಲಬದ್ಧತೆ, ಹೊಸದಾಗಿ ಕಾಣಿಸಿಕೊಂಡ ಹೊಕ್ಕುಳ ಅಥವಾ ತೊಡೆಸಂದಿನ ಹರ್ನಿಯ ಇದರ ಚಿಹ್ನೆಗಳು. ಕುಡಿತದ ಚಟವಿದ್ದರೆ ಯಕೃತ್ತಿನ ರೋಗವೆಂದೂ, ಹೆಂಗಸರಲ್ಲಿ ಅಂಡಾಶಯದ ಕ್ಯಾನ್ಸರೆಂದೂ, ಇಬ್ಬರಲ್ಲೂ ಹೊಟ್ಟೆಯ ಕ್ಷಯವೆಂದೂ ಇದನ್ನು ತಪ್ಪಾಗಿ ತಿಳಿಯುವ ಸಂಭವವಿದೆ. ಅಂಡಾಶಯದ ಕ್ಯಾನ್ಸರಿಗೂ ಕಲ್ನಾರು ಕಾರಣವಾಗಬಲ್ಲದ್ದರಿಂದ ಹೆಂಗಸರಲ್ಲಿ ಈ ಎರಡನ್ನು ಬೇರ್ಪಡಿಸಲು ಅಂಗಾಂಶ ಪರೀಕ್ಷೆಯೇ ಬೇಕು.

ಹೃದಯದ ಪೊರೆಯ ಮೀಸೋಥೀಲಿಯೋಮ ಅತಿ ವಿರಳ. ಪೊರೆಯೊಳಗೆ ನೀರು ತುಂಬಿ ಹೃದಯ ಹಿಗ್ಗಲಾಗದೆ ಉಸಿರಾಟದ ತೊಂದರೆ, ಕಾಲೂತ, ರಕ್ತದೊತ್ತಡದ ಕುಸಿತ ಉಂಟಾಗುತ್ತವೆ. ವೃಷಣದ ಪೊರೆಯಲ್ಲಿ ಹುಟ್ಟುವ ಬಗೆ ಸಾಮಾನ್ಯವಾಗಿ ವೃಷಣದ ಚೀಲದಲ್ಲಿ ನೀರು ತುಂಬಿದೆಯೆಂದು ಶಸ್ತ್ರಚಿಕಿತ್ಸೆ ಮಾಡುವಾಗ ಅಕಸ್ಮಾತ್ತಾಗಿ ಪತ್ತೆಯಾಗುತ್ತದೆ.

ಶ್ವಾಸಕೋಶ ಮತ್ತು ಧ್ವನಿಪೆಟ್ಟಿಗೆಯ ಕ್ಯಾನ್ಸರ್

ಕಲ್ನಾರಿನಿಂದಾದ ಶ್ವಾಸಕೋಶದ ಕ್ಯಾನ್ಸರಿಗೂ ಧೂಮಪಾನದಿಂದಾದದ್ದಕ್ಕೂ ಲಕ್ಷಣದಲ್ಲಾಗಲಿ ಸೂಕ್ಷ್ಮದರ್ಶಕದ ನೋಟದಲ್ಲಾಗಲಿ ಭೇದವಿಲ್ಲ. ವರ್ಷಗಳಿಂದ ಇರುವ ಕೆಮ್ಮಿನ ಸ್ವರೂಪ ಬದಲಾಗುವುದು, ಕಫದಲ್ಲಿ ರಕ್ತದ ಗೆರೆ, ಶ್ವಾಸಕೋಶದ ಒಂದೇ ಭಾಗದಲ್ಲಿ ಮತ್ತೆ ಮತ್ತೆ ನ್ಯುಮೋನಿಯ, ಮೂಳೆನೋವು, ಕತ್ತಿನ ಬುಡದಲ್ಲಿ ಗಂಟು ಗಮನಿಸಬೇಕಾದವು. ಅಮೆರಿಕದ ಶಾಖನಿರೋಧಕ ಹೊದಿಕೆಯ ಕಾರ್ಮಿಕರನ್ನು ಕುರಿತು ಹ್ಯಾಮಂಡ್, ಸೆಲಿಕಾಫ್ ಮತ್ತು ಸೈಡ್‌ಮನ್ 1979ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಲ್ನಾರಿನ ಸಂಪರ್ಕ, ಧೂಮಪಾನ ಎರಡೂ ಇಲ್ಲದವರಿಗೆ ಹೋಲಿಸಿದರೆ ಈ ಕ್ಯಾನ್ಸರಿನಿಂದ ಸಾಯುವ ಅಪಾಯ ಧೂಮಪಾನ ಮಾಡದ ಕಲ್ನಾರು ಕಾರ್ಮಿಕರಿಗೆ ಸುಮಾರು 5 ಪಟ್ಟು, ಕಲ್ನಾರಿನ ಸಂಪರ್ಕವಿಲ್ಲದ ಧೂಮಪಾನಿಗಳಿಗೆ ಸುಮಾರು 11 ಪಟ್ಟು, ಎರಡೂ ಸೇರಿದವರಿಗೆ 50 ಪಟ್ಟಿಗೂ ಹೆಚ್ಚು. ನಂತರದ ಅಧ್ಯಯನಗಳಲ್ಲಿ ಅಂಕಿಗಳು ಬೇರೆ ಬೇರೆಯಾಗಿದ್ದರೂ ಎರಡು ಅಪಾಯಗಳು ಒಂದನ್ನೊಂದು ಹೆಚ್ಚಿಸುತ್ತವೆ ಎಂಬ ಅಂಶ ಉಳಿದಿದೆ. ಆದ್ದರಿಂದ ರೋಗಿ ಬೀಡಿ ಸೇದುತ್ತಿದ್ದನೆಂದು ತಿಳಿದ ಕೂಡಲೇ ಕೆಲಸದ ಪ್ರಶ್ನೆಯನ್ನು ಕೈಬಿಡುವುದು ಸರಿಯಲ್ಲ. ಮೀಸೋಥೀಲಿಯೋಮಕ್ಕೆ ಮಾತ್ರ ಧೂಮಪಾನದೊಡನೆ ಸಂಬಂಧವಿಲ್ಲ. ಧ್ವನಿಪೆಟ್ಟಿಗೆಯ ಕ್ಯಾನ್ಸರಿನ ಮೊದಲ ಚಿಹ್ನೆ ಧ್ವನಿ ಒಡೆಯುವುದು. ಮೂರು ವಾರ ಮೀರಿ ಅದು ಉಳಿದರೆ ಗಂಟಲಿನ ಒಳಪರೀಕ್ಷೆ ಆಗಬೇಕು.

ಕ್ಯಾನ್ಸರ್ ಅಲ್ಲದ ಗುರುತುಗಳು

ಕಲ್ನಾರಿನ ಸಂಪರ್ಕಕ್ಕೆ ಬಂದವರ ಎಕ್ಸ್‌ರೇಯಲ್ಲಿ ಕಾಣುವುದೆಲ್ಲ ಕ್ಯಾನ್ಸರಲ್ಲ, ಮತ್ತು ಈ ಗೊಂದಲದಿಂದ ಅನವಶ್ಯಕ ಭಯ ಹುಟ್ಟುವುದೂ ಇದೆ. ಪೊರೆಯ ಮೇಲೆ ಅಲ್ಲಲ್ಲಿ ಸುಣ್ಣಗಟ್ಟಿದ ಬಿಲ್ಲೆಗಳು ಸಂಪರ್ಕದ ಸಾಕ್ಷಿಯೇ ಹೊರತು ರೋಗವಲ್ಲ. ಅವು ಕ್ಯಾನ್ಸರಾಗಿ ಮಾರ್ಪಡುವುದಿಲ್ಲ, ಲಕ್ಷಣವನ್ನೂ ತೋರುವುದಿಲ್ಲ. ಸಂಪರ್ಕದ ಮೊದಲ ಹತ್ತಿಪ್ಪತ್ತು ವರ್ಷಗಳಲ್ಲಿ ಬರುವ ನಿರಪಾಯದ ಎದೆನೀರು ತಾನೇ ಇಂಗಬಹುದು. ಕಲ್ನಾರು ರೋಗ ಅಥವಾ ಆಸ್‌ಬೆಸ್ಟೋಸಿಸ್ ಎಂಬುದು ಶ್ವಾಸಕೋಶದ ಕೆಳಭಾಗ ನಾರುಗಟ್ಟಿ ಗಡುಸಾಗುವ ಕಾಯಿಲೆ. ಇದರಲ್ಲಿ ಏದುಸಿರು ಎರಡೂ ಕಡೆಯ ಹಾನಿಯಿಂದ ಹಲವು ವರ್ಷಗಳಲ್ಲಿ ಬೆಳೆಯುತ್ತದೆ, ಬೆನ್ನಿನ ಕೆಳಭಾಗದಲ್ಲಿ ಉಸಿರಿನ ಕೊನೆಗೆ ಚರಚರ ಸದ್ದು ಕೇಳುತ್ತದೆ. ಇದೂ ಕ್ಯಾನ್ಸರಲ್ಲ, ಆದರೆ ಇದು ಇರುವವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚು. ಹಲವು ವರ್ಷಗಳಿಂದ ಒಂದೇ ಹದದಲ್ಲಿದ್ದ ಕಲ್ನಾರು ರೋಗಿಗೆ ಕೆಲವೇ ವಾರಗಳಲ್ಲಿ ಏದುಸಿರು ಏರಿದರೆ ಅಥವಾ ಹೊಸ ನೋವು ಬಂದರೆ ಹಳೆಯ ಕಾಯಿಲೆಯ ಲೆಕ್ಕಕ್ಕೆ ಹಾಕದೆ ಮತ್ತೆ ಪರೀಕ್ಷಿಸಬೇಕಾಗುತ್ತದೆ.

ಕೆಲಸದ ವೃತ್ತಾಂತ

ನಿವೃತ್ತರಾದವರನ್ನು ಕೇಳಿದರೆ ಕೊನೆಯ ಉದ್ಯೋಗವನ್ನಷ್ಟೇ ಹೇಳುತ್ತಾರೆ. ಶಾಲೆ ಬಿಟ್ಟಂದಿನಿಂದ ಮಾಡಿದ ಎಲ್ಲ ಕೆಲಸಗಳನ್ನು ಕ್ರಮವಾಗಿ, ಕಾರ್ಖಾನೆಯ ಹೆಸರಿಗಿಂತ ಕೈಯಲ್ಲಿ ಹಿಡಿದ ವಸ್ತುವನ್ನು ಮುಖ್ಯವಾಗಿಟ್ಟು ಕೇಳಬೇಕು. ಸಿಮೆಂಟ್ ಶೀಟಿನ ಕಾರ್ಖಾನೆಯಲ್ಲಿ ಚೀಲ ಬಿಚ್ಚಿ ನಾರು ಸುರಿದವರು, ಚಾವಣಿಗೆ ಶೀಟು ಕೊಯ್ದು ಕೂರಿಸಿದವರು, ಬ್ರೇಕ್ ಲೈನರ್ ಉಜ್ಜಿದ ಗ್ಯಾರೇಜಿನ ಮೆಕ್ಯಾನಿಕ್‌ಗಳು, ವಿದ್ಯುತ್ ಸ್ಥಾವರ ಮತ್ತು ಸಕ್ಕರೆ ಕಾರ್ಖಾನೆಗಳ ಬಾಯ್ಲರಿಗೆ ಹೊದಿಕೆ ಸುತ್ತಿದವರು, ರೈಲು ಬೋಗಿ ದುರಸ್ತಿ ಮಾಡಿದವರು, ಗುಜರಾತಿನ ಅಲಂಗ್ ತೀರದಲ್ಲಿ ಹಡಗು ಒಡೆದವರು, ಹಳೆಯ ಕಟ್ಟಡ ಕೆಡವಿದ ಕೂಲಿಗಳು ಈ ಸಾಲಿನಲ್ಲಿ ಬರುತ್ತಾರೆ. ಅನೇಕರಿಗೆ ಆಸ್‌ಬೆಸ್ಟಾಸ್ ಎಂಬ ಹೆಸರೇ ಗೊತ್ತಿರುವುದಿಲ್ಲ. ‘ಶೀಟು ಕತ್ತರಿಸುವಾಗ ಬಿಳಿ ದೂಳು ಏಳುತ್ತಿತ್ತೆ’, ‘ಬಾಯ್ಲರಿಗೆ ಸುತ್ತುತ್ತಿದ್ದ ಹಗ್ಗ ನಾರುನಾರಾಗಿ ಬಿಚ್ಚುತ್ತಿತ್ತೆ’ ಎಂಬಂಥ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಹೆಂಗಸರಿಗೆ ಕೇಳಬೇಕಾದ ಪ್ರಶ್ನೆ ಅವರ ಕೆಲಸದ್ದು ಮಾತ್ರವಲ್ಲ, ತಂದೆಯ, ಗಂಡನ, ಮಗನ ಕೆಲಸದ್ದು ಮತ್ತು ಅವರ ಬಟ್ಟೆಯನ್ನು ಯಾರು ಒಗೆಯುತ್ತಿದ್ದರೆಂಬುದು. ಒಡೆಯದ, ಕೊರೆಯದ ಶೀಟಿನ ಮನೆಯಲ್ಲಿ ವಾಸಿಸುವುದರ ಅಪಾಯ ದೂಳಿನಲ್ಲಿ ದುಡಿದವರ ಅಪಾಯಕ್ಕೆ ಹೋಲಿಸಿದರೆ ಬಹಳ ಕಡಮೆ. ಮುರಿದ ಶೀಟನ್ನು ಪುಡಿ ಮಾಡಿ ಅಂಗಳಕ್ಕೆ ಹಾಕುವುದು, ಒಣ ಶೀಟಿನ ಪಾಚಿಯನ್ನು ತಂತಿ ಬ್ರಷ್ಷಿನಿಂದ ಉಜ್ಜುವುದು ಎಳೆಗಳನ್ನು ಗಾಳಿಗೆ ಬಿಡುವ ಕೆಲಸಗಳು.

ಕಲ್ನಾರೇ ಅಲ್ಲದ ಖನಿಜದಿಂದಲೂ ಮೀಸೋಥೀಲಿಯೋಮ ಬರಬಹುದೆಂಬುದಕ್ಕೆ ಟರ್ಕಿಯ ಕಪ್ಪಡೋಕಿಯ ಪ್ರದೇಶದ ಕರಾಯಿನ್ ಮುಂತಾದ ಹಳ್ಳಿಗಳು ಪ್ರಸಿದ್ಧ ಉದಾಹರಣೆ. ಎರಿಯೊನೈಟ್ ಎಂಬ ನಾರುಖನಿಜವಿದ್ದ ಕಲ್ಲಿನಿಂದ ಮನೆ ಕಟ್ಟಿದ ಆ ಊರುಗಳಲ್ಲಿ ಈ ರೋಗ ಮನೆಮನೆಯ ಸಾವಿಗೆ ಕಾರಣವಾಯಿತು.

ರೋಗ ಖಚಿತಪಡಿಸುವ ಪರೀಕ್ಷೆಗಳು

ಎದೆಯ ಎಕ್ಸ್‌ರೇಯಲ್ಲಿ ನೀರು ಕಾಣಬೇಕಾದರೆ ಸುಮಾರು 200 ಮಿಲಿಲೀಟರ್ ಕೂಡಿರಬೇಕು. ಅಲ್ಟ್ರಾಸೌಂಡ್ ಇದಕ್ಕಿಂತ ಕಡಮೆಯನ್ನೂ ತೋರಿಸುತ್ತದೆ. ಸಿ.ಟಿ. ಸ್ಕ್ಯಾನಿನಲ್ಲಿ ಪೊರೆ ಶ್ವಾಸಕೋಶವನ್ನು ಸುತ್ತುಗಟ್ಟಿ ದಪ್ಪಗಾಗಿರುವುದು, ದಪ್ಪ 1 ಸೆಂಟಿಮೀಟರನ್ನು ಮೀರಿರುವುದು, ಗಂಟುಗಂಟಾಗಿರುವುದು, ಹೃದಯದ ಕಡೆಗಿನ ಪೊರೆಗೂ ಹಬ್ಬಿರುವುದು ಕ್ಯಾನ್ಸರಿನ ಸೂಚನೆಗಳು. ತೆಗೆದ ನೀರಿನಲ್ಲಿ ಕ್ಯಾನ್ಸರ್ ಕೋಶ ಸಿಗಲಿಲ್ಲವೆಂಬ ವರದಿಯನ್ನು ನೆಮ್ಮದಿಯ ವರದಿಯೆಂದು ತಿಳಿಯಬಾರದು, ಏಕೆಂದರೆ ಮೀಸೋಥೀಲಿಯೋಮದಲ್ಲಿ ಹೆಚ್ಚಿನ ಸಲ ಅವು ನೀರಿನಲ್ಲಿ ಸಿಗುವುದಿಲ್ಲ, ಸಿಕ್ಕರೂ ಉರಿಯೂತದಿಂದ ಕೆರಳಿದ ಸಾಮಾನ್ಯ ಕೋಶಗಳಂತೆಯೇ ತೋರುತ್ತವೆ. ಥೊರಕೊಸ್ಕೋಪಿ, ಎಂದರೆ ಪಕ್ಕೆಲುಬುಗಳ ನಡುವೆ ದರ್ಶಕ ನಳಿಕೆಯನ್ನು ತೂರಿಸಿ ಪೊರೆಯನ್ನು ಕಣ್ಣಾರೆ ನೋಡಿ ಚೂರು ತೆಗೆಯುವ ವಿಧಾನ, ಹತ್ತರಲ್ಲಿ ಒಂಬತ್ತು ಸಲ ಉತ್ತರ ಕೊಡುತ್ತದೆ. ಆ ಚೂರಿಗೆ ವಿಶೇಷ ಬಣ್ಣ ಹಿಡಿಸಿ ಕಾಲ್ರೆಟಿನಿನ್, ಡಬ್ಲ್ಯುಟಿ-1 ಮೊದಲಾದ ಪ್ರೋಟೀನ್‌ಗಳಿವೆಯೇ, ಶ್ವಾಸಕೋಶದ ಕ್ಯಾನ್ಸರನ್ನು ಸೂಚಿಸುವ ಟಿಟಿಎಫ್-1 ಇಲ್ಲವೇ ಎಂದು ನೋಡಿ ನಿರ್ಧರಿಸಲಾಗುತ್ತದೆ. ಬಿಎಪಿ-1 ಎಂಬ ಪ್ರೋಟೀನ್ ಕೋಶಕೇಂದ್ರದಿಂದ ಕಾಣೆಯಾಗಿದ್ದರೆ ಅದು ಬರಿಯ ಉರಿಯೂತವಲ್ಲ ಎಂಬುದಕ್ಕೆ ಬಲವಾದ ಆಧಾರ. ಕೋಶಗಳ ಆಕಾರದಂತೆ ಎಪಿಥೀಲಿಯಾಯ್ಡ್, ಸಾರ್ಕೊಮಟಾಯ್ಡ್, ಎರಡರ ಮಿಶ್ರಣ ಎಂಬ ಮೂರು ಬಗೆಗಳಿದ್ದು, ಮೊದಲನೆಯದರಲ್ಲಿ ಬದುಕುವ ಅವಧಿ ಹೆಚ್ಚು. ಲಕ್ಷಣವಿಲ್ಲದವರಲ್ಲಿ ರಕ್ತದಿಂದಲೇ ರೋಗವನ್ನು ಮೊದಲೇ ಹಿಡಿಯಬಲ್ಲ, ನೆಚ್ಚಬಹುದಾದ ಪರೀಕ್ಷೆ ಇನ್ನೂ ಬಳಕೆಗೆ ಬಂದಿಲ್ಲ.

ಚಿಕಿತ್ಸೆಯಿಂದ ಎದೆಪೊರೆಯ ಮೀಸೋಥೀಲಿಯೋಮ ಪೂರ್ಣ ವಾಸಿಯಾಗುವುದು ವಿರಳ. 2003ರಲ್ಲಿ ಪ್ರಕಟವಾದ, ಪೆಮೆಟ್ರೆಕ್ಸೆಡ್ ಮತ್ತು ಸಿಸ್‌ಪ್ಲಾಟಿನ್ ಎಂಬ ಔಷಧಗಳ ಜೋಡಿಯ ಪ್ರಯೋಗದಲ್ಲಿ ಮಧ್ಯಮ ಬದುಕುವ ಅವಧಿ ಸುಮಾರು 9 ತಿಂಗಳಿನಿಂದ 12 ತಿಂಗಳಿಗೆ ಏರಿತು. ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ನಿವೊಲುಮಾಬ್, ಇಪಿಲಿಮುಮಾಬ್ ಜೋಡಿ ಅದನ್ನು 18 ತಿಂಗಳವರೆಗೆ ಒಯ್ದಿತು. ನೀರು ಮತ್ತೆ ತುಂಬದಂತೆ ಟಾಲ್ಕ್ ಪುಡಿಯಿಂದ ಪೊರೆಗಳನ್ನು ಅಂಟಿಸುವುದು ಅಥವಾ ಮನೆಯಲ್ಲೇ ನೀರು ತೆಗೆಯಲಾಗುವ ನಳಿಕೆ ಇಡುವುದು ಏದುಸಿರಿಗೆ ಒಳ್ಳೆಯ ಉಪಶಮನ. ಹೊಟ್ಟೆಯ ಬಗೆಯಲ್ಲಿ, ಆಯ್ದ ರೋಗಿಗಳಿಗೆ, ಗಂತಿ ತೆಗೆದು ಬಿಸಿ ಔಷಧದ್ರವದಿಂದ ಹೊಟ್ಟೆಯನ್ನು ತೊಳೆಯುವ ಶಸ್ತ್ರಚಿಕಿತ್ಸೆಯ ಫಲ ಎದೆಪೊರೆಯ ಬಗೆಯ ಚಿಕಿತ್ಸೆಗಿಂತ ಉತ್ತಮ.

ಭಾರತದ ಸ್ಥಿತಿ ಮತ್ತು ಕಾನೂನು

ಭಾರತದ ಕಲ್ನಾರು ನಿಕ್ಷೇಪಗಳಲ್ಲಿ ಹೆಚ್ಚಿನ ಪಾಲು ರಾಜಸ್ಥಾನದ್ದು, ನಂತರದ ಸ್ಥಾನ ಕರ್ನಾಟಕದ್ದು. ಹೊಸ ಗಣಿಗುತ್ತಿಗೆ ನೀಡುವುದನ್ನು ನಿಲ್ಲಿಸಿ, 1993ರಲ್ಲಿ ಹಳೆಯದನ್ನು ನವೀಕರಿಸುವುದನ್ನೂ ನಿಲ್ಲಿಸಲಾಯಿತು. ಆದರೆ ರಷ್ಯ, ಕಜಕಸ್ತಾನ, ಬ್ರೆಜಿಲ್‌ಗಳಿಂದ ಬಿಳಿ ಕಲ್ನಾರಿನ ಆಮದು ಮುಂದುವರಿಯಿತು. ಬ್ರಿಟನ್ 1999ರಲ್ಲಿ, ಆಸ್ಟ್ರೇಲಿಯ 2003ರ ಕೊನೆಯಲ್ಲಿ, ಐರೋಪ್ಯ ಒಕ್ಕೂಟ 2005ರಲ್ಲಿ ನಿಷೇಧಿಸಿದ ವಸ್ತು ಇಲ್ಲಿ ಶೀಟಿನ ರೂಪದಲ್ಲಿ ಬಡವರ ಮನೆಯ ಚಾವಣಿಯಾಗಿಯೇ ಉಳಿಯಿತು. ಸುಪ್ತಾವಧಿಯ ಲೆಕ್ಕದಲ್ಲಿ ನೋಡಿದರೆ, ಬಳಕೆ ಇಂದೇ ನಿಂತರೂ ರೋಗಿಗಳು ಇನ್ನೂ ನಾಲ್ಕೈದು ದಶಕಗಳ ಕಾಲ ಆಸ್ಪತ್ರೆಗಳಿಗೆ ಬರುತ್ತಲೇ ಇರುತ್ತಾರೆ. ದೇಶದಲ್ಲಿ ದಾಖಲಾಗುವ ಮೀಸೋಥೀಲಿಯೋಮದ ಸಂಖ್ಯೆ ಕಡಮೆ ಇರುವುದನ್ನು ರೋಗವೇ ಕಡಮೆ ಎಂಬುದಕ್ಕೆ ಪುರಾವೆಯಾಗಿ ಮುಂದಿಡುವವರಿದ್ದಾರೆ. ಕ್ಷಯದ ಹೆಸರಿನಲ್ಲಿ, ‘ಎಲ್ಲಿ ಹುಟ್ಟಿತೆಂದು ತಿಳಿಯದ ಕ್ಯಾನ್ಸರ್’ ಎಂಬ ಹೆಸರಿನಲ್ಲಿ ತೀರಿಕೊಂಡವರನ್ನು ಗಣಿಸದ ವಾದವದು.

ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1995ರ ಜನವರಿಯಲ್ಲಿ ನೀಡಿದ ತೀರ್ಪು, ಪ್ರತಿ ಕಲ್ನಾರು ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಕಾಲ ಕಾಪಿಡಬೇಕೆಂದು ಆದೇಶಿಸಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಕಲ್ನಾರು ರೋಗಿಗಳೆಂದು ದೃಢೀಕರಿಸಿದ ಕಾರ್ಮಿಕರಿಗೆ ತಲಾ 1 ಲಕ್ಷ ರೂಪಾಯಿ ಪರಿಹಾರವನ್ನೂ ವಿಧಿಸಿತು. ಆ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ. 1948ರ ಕಾರ್ಖಾನೆ ಕಾಯ್ದೆ ಕಲ್ನಾರು ರೋಗವನ್ನು ವೈದ್ಯರು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ಕಾರ್ಮಿಕರ ಪರಿಹಾರ ಕಾನೂನಿನ ಅನುಸೂಚಿಯಲ್ಲಿ ಕಲ್ನಾರಿನಿಂದಾದ ಶ್ವಾಸಕೋಶದ ಕ್ಯಾನ್ಸರ್ ಮತ್ತು ಮೀಸೋಥೀಲಿಯೋಮ ಔದ್ಯೋಗಿಕ ರೋಗಗಳೆಂದು ಸೇರಿವೆ. ಪರಿಹಾರ ಕೇಳುವವರು ಅಂಗಾಂಶ ಪರೀಕ್ಷೆಯ ವರದಿಯೊಂದಿಗೆ ನೇಮಕದ ಪತ್ರ, ಭವಿಷ್ಯನಿಧಿಯ ಚೀಟಿ, ಇ.ಎಸ್.ಐ. ಕಾರ್ಡಿನಂಥ ಕೆಲಸದ ಪುರಾವೆಯನ್ನೂ ಒದಗಿಸಬೇಕಾಗುತ್ತದೆ. ಗುತ್ತಿಗೆಯ ಮೇಲೆ ಶೀಟು ಕೂರಿಸಿದವರ ಬಳಿ, ಹಡಗು ಒಡೆಯಲು ಊರೂರಿನಿಂದ ಹೋದವರ ಬಳಿ ಇವುಗಳಲ್ಲಿ ಒಂದೂ ಇರುವುದಿಲ್ಲವಾದ್ದರಿಂದ, ಮೊದಲ ಭೇಟಿಯಲ್ಲಿ ವೈದ್ಯರು ಕೇಸ್ ಶೀಟಿನಲ್ಲಿ ಕೆಲಸದ ಸ್ಥಳ, ಅವಧಿ ಮತ್ತು ಬಳಸಿದ ವಸ್ತುವನ್ನು ದಿನಾಂಕದೊಡನೆ ಬರೆದಿಟ್ಟ ನಾಲ್ಕು ಸಾಲುಗಳೇ ಅನೇಕ ಕುಟುಂಬಗಳ ಪಾಲಿಗೆ ಲಭ್ಯವಿರುವ ಲಿಖಿತ ಆಧಾರವಾಗಿರುತ್ತವೆ.